ಮಾತಾಡೋಕೆ ಬೇರೆ ರೇಟು: ದುಡ್ಡಿನ ಫಿಲಾಸಫಿ ಗುಂಪು, ದುಡ್ಡಿಲ್ಲದ ಗುಂಪು, ಎರಡೂ ನೋಡಾಯ್ತು

ಮೊದ್ಲೇ ಹೇಳ್ಬಿಡ್ತೀನಿ, ನಾನು ನಮ್ಮ ದುಡ್ಡಿಲ್ಲದ ಭಾನುವಾರದ ಗುಂಪಿನ ಕಡೆ. ಆನ್‌ಲೈನ್ ತತ್ವಶಾಸ್ತ್ರದ ಗುಂಪು ಸೇರಬೇಕು, ದುಡ್ಡು ಕೊಡೋದಾ ಬೇಡ್ವಾ ಅಂತ ಇಬ್ಬರು ಮೂವರು ಫ್ರೆಂಡ್ಸ್ ಕೇಳ್ತಾನೇ ಇದ್ರು, ಹೋದ ವರ್ಷ ಆರು ತಿಂಗಳು ದುಡ್ಡು ಕೊಟ್ಟು ಒಂದು ಕಡೆ ಇದ್ದೆ, ಈಗ ಎಂಟು ತಿಂಗಳಿಂದ ದುಡ್ಡಿಲ್ಲದ ಕಡೆ ಇದೀನಿ, ಎರಡರಲ್ಲೂ ಗ್ರೀಕ್ ತತ್ವಜ್ಞಾನಿ ಪ್ಲೇಟೋನ 'ಮೆನೋ' ಓದಿದ್ವಿ, ಪ್ಲೇಟೋನ ಗುರು ಸಾಕ್ರಟೀಸ್ ಮತ್ತೆ ಮೆನೋ ಅನ್ನೋನ ನಡುವಿನ ಮಾತುಕತೆಯ ಪುಸ್ತಕ ಅದು. ಒಂದೇ ಪುಸ್ತಕ ಎರಡು ಕಡೆ ಓದಿದ್ದರಿಂದ ಹೋಲಿಸೋಕೆ ಸುಲಭ ಆಯ್ತು.

ದುಡ್ಡಿನ ಗುಂಪಿಂದು ಆರು ತಿಂಗಳಿಗೆ 2,999, ಮೇಲೆ 18% ಜಿಎಸ್‌ಟಿ, ಕೈಯಿಂದ ಹೋಗಿದ್ದು 3,539. ಪಾಠ ಚೆನ್ನಾಗಿತ್ತು, ಅದನ್ನ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಮೇಷ್ಟ್ರು ಗ್ರೀಕ್ ಪದಗಳನ್ನ ಒಂದೊಂದೇ ಬಿಡಿಸಿ ಹೇಳೋರು, 6:30 ಅಂದ್ರೆ 6:30ಕ್ಕೆ ಶುರು, ರೆಕಾರ್ಡಿಂಗ್ ಸಿಗ್ತಿತ್ತು, ಪಿಡಿಎಫ್ ಕೂಡ. ದುಡ್ಡು ಕಟ್ಟಿದೀನಿ ಅನ್ನೋ ಕಾರಣಕ್ಕೇ 12 ಕ್ಲಾಸಲ್ಲಿ 9ಕ್ಕೆ ಹೋದೆ, ಶನಿವಾರ ಬೆಂಗಳೂರಿಂದ ತುಮಕೂರಿಗೆ ಬರೋ ಟ್ರೈನಲ್ಲಿ ನಿಂತ್ಕೊಂಡೇ ಕೇಳಿದ್ದೂ ಇದೆ. ಫ್ರೀ ಗುಂಪಿಗೆ ನಾನು ಅಷ್ಟು ನಿಯತ್ತಾಗಿ ಹೋಗ್ತಿಲ್ಲ.

ಆದ್ರೆ ಅಲ್ಲೊಂದು ವಿಷಯ ಇತ್ತು, ಸೇರೋವಾಗ ನಾನು ಸರಿಯಾಗಿ ಓದಿರಲಿಲ್ಲ. ಮೆಂಬರ್‌ಶಿಪ್‌ನಲ್ಲಿ ಎರಡು ತರ. 2,999ರದ್ದು ಕೇಳೋಕೆ ಮಾತ್ರ, ಮೈಕ್ ಆನ್ ಮಾಡಿ ಪ್ರಶ್ನೆ ಕೇಳ್ಬೇಕು ಅಂದ್ರೆ 7,999ರದ್ದು ತಗೋಬೇಕು. ನಮ್ಮಂಥೋರು ಚಾಟಲ್ಲಿ ಬರೀಬಹುದು, ಟೈಮ್ ಉಳಿದ್ರೆ ನೋಡ್ತಾರೆ. ಟೈಮ್ ಉಳಿದಿದ್ದು ನನಗೆ ನೆನಪಿರೋ ಹಾಗೆ ಎರಡು ಸಲ.

ಮೆನೋದಲ್ಲಿ ಒಂದು ಜಾಗ ಬರುತ್ತೆ, ಸಾಕ್ರಟೀಸ್ ಮೆನೋನ ಮನೆಯ ಆಳು ಹುಡುಗನ್ನ ಕರೆದು ನೆಲದ ಮೇಲೆ ಚೌಕ ಬರೀತಾನೆ. ಎರಡಡಿ ಉದ್ದ, ಎರಡಡಿ ಅಗಲ, ಒಟ್ಟು 4 ಚದರಡಿ. ಇದರ ಎರಡರಷ್ಟು ದೊಡ್ಡ ಚೌಕ ಬೇಕು, ಬದಿ ಎಷ್ಟಿರಬೇಕು ಅಂತ ಕೇಳ್ತಾನೆ. ಹುಡುಗ ನಾಲ್ಕಡಿ ಅಂತಾನೆ, 16 ಆಗುತ್ತೆ, ತಪ್ಪು. ಮೂರಡಿ ಅಂತಾನೆ, 9 ಆಗುತ್ತೆ, ಅದೂ ತಪ್ಪು. ಕೊನೆಗೆ ಮೂಲೆಯಿಂದ ಮೂಲೆಗೆ ಎಳೆದ ಗೆರೆ ಮೇಲೆ ಚೌಕ ಕಟ್ಟಿದ್ರೆ ಸರಿಯಾಗಿ 8 ಬರುತ್ತೆ ಅಂತ ಒಪ್ಕೋತಾನೆ. 'ನಾನು ಏನೂ ಕಲಿಸಲಿಲ್ಲ, ಬರೀ ಕೇಳಿದೆ, ಅವನ ಆತ್ಮಕ್ಕೆ ಹುಟ್ಟೋಕೆ ಮೊದಲೇ ಗೊತ್ತಿದ್ದದ್ದು ಈಗ ನೆನಪಾಯ್ತು' ಅಂತ ಸಾಕ್ರಟೀಸ್ ಹೇಳ್ತಾನೆ.

ನನಗೆ ಅಲ್ಲೇ ಏನೋ ಚುಚ್ತು. ಪ್ರಶ್ನೆ ಕೇಳಿದ ರೀತಿಯಲ್ಲೇ ಉತ್ತರ ಇತ್ತಲ್ವಾ ಅಂತ ಚಾಟಲ್ಲಿ ಬರೆದೆ, ಮೇಷ್ಟ್ರ ಕಣ್ಣಿಗೆ ಬೀಳಲಿಲ್ಲ, ಕ್ಲಾಸ್ ಮುಂದೆ ಹೋಯ್ತು, ಮೇಲಿನ ರೇಟಿನವರೊಬ್ಬರು ತಮ್ಮ ಧ್ಯಾನದ ಅನುಭವ ಹೇಳ್ತಾ ಹತ್ತು ನಿಮಿಷ ತಗೊಂಡ್ರು. ಅವರದ್ದು ತಪ್ಪು ಅಂತಲ್ಲ, ಅವರು ಅದಕ್ಕೇ ದುಡ್ಡು ಕೊಟ್ಟಿದಾರೆ. ಆದ್ರೆ ಕೇಳ್ತಾ ಕೇಳ್ತಾ ಕಲಿಯೋದು ಹೆಂಗೆ ಅಂತ ತೋರಿಸೋ ಪುಸ್ತಕನೇ ಓದ್ತಾ ಇದೀವಿ, ನನಗೆ ಕೇಳೋಕೇ ಆಗ್ತಿಲ್ಲ. ಸ್ಕ್ರೀನಲ್ಲಿ ನನ್ನ ಹೆಸರಿನ ಪಕ್ಕ ಆ ಕೆಂಪು ಮೈಕಿನ ಗುರುತು ನೋಡ್ತಾ ಕೂತಿದ್ದು ಇವತ್ತಿಗೂ ಬೇಜಾರು.

ಆಮೇಲೆ ಗೊತ್ತಾಯ್ತು, ಈ ಎರಡು ರೇಟಿನ ಪದ್ಧತಿ ಪ್ಲೇಟೋನ ಕಾಲದಲ್ಲೇ ಇತ್ತು. ಪ್ರಾಡಿಕಸ್ ಅಂತ ಒಬ್ಬ ಸೋಫಿಸ್ಟ್, ಅಂದ್ರೆ ದುಡ್ಡಿಗೆ ಪಾಠ ಹೇಳೋ ಪಂಡಿತ ಇದ್ದ, ಅವನ ಉಪನ್ಯಾಸ ಒಂದು 50 ಡ್ರಾಕ್ಮದ್ದು (ಆಗಿನ ಗ್ರೀಕ್ ನಾಣ್ಯ), ಇನ್ನೊಂದು 1 ಡ್ರಾಕ್ಮದ್ದು. 'ನಾನು ಕೇಳಿರೋದು ಬರೀ 1 ಡ್ರಾಕ್ಮದ್ದು, ಅದಕ್ಕೆ ಪೂರ್ತಿ ಸತ್ಯ ನನಗೆ ಗೊತ್ತಿಲ್ಲ' ಅಂತ ಸಾಕ್ರಟೀಸ್ ಪ್ಲೇಟೋನ ಇನ್ನೊಂದು ಪುಸ್ತಕ 'ಕ್ರಾಟಿಲಸ್'ನಲ್ಲಿ ಹೇಳ್ತಾನೆ. ಆಗಿನ ಅಥೆನ್ಸಲ್ಲಿ ಒಳ್ಳೆ ಕೆಲಸಗಾರನ ದಿನದ ಕೂಲಿ ಹತ್ತಿರ ಹತ್ತಿರ 1 ಡ್ರಾಕ್ಮ, ಅಂದ್ರೆ 50 ದಿನ ದುಡಿದ್ರೆ ಒಂದು ಉಪನ್ಯಾಸ. ಸಾಕ್ರಟೀಸ್ ಸ್ವತಃ ಯಾರ ಹತ್ರನೂ ದುಡ್ಡು ತಗೋತಿರಲಿಲ್ಲ, ಬಜಾರಲ್ಲಿ ನಿಂತು ಯಾರು ಸಿಕ್ಕಿದ್ರೂ ಮಾತಾಡ್ತಿದ್ದ.

ಈಗ ಭಾನುವಾರದ ಗುಂಪು. ಬೆಳಗ್ಗೆ 7 ಗಂಟೆಗೆ, ಹನ್ನೊಂದು ಜನ ಇದೀವಿ, ಬರೋದು ಏಳೆಂಟು. ನಡೆಸೋರು ರಿಟೈರ್ಡ್ ಕಾಲೇಜ್ ಲೆಕ್ಚರರ್ ಒಬ್ಬರು, ಎಲ್ಲರೂ ಅವರಿಗೆ ಅಮ್ಮ ಅಂತೀವಿ. ಟೈಮಿಗೆ ಶುರುವಾಗಲ್ಲ, ರೆಕಾರ್ಡಿಂಗ್ ಇಲ್ಲ, ವಾಟ್ಸಾಪಲ್ಲಿ ಗುಡ್ ಮಾರ್ನಿಂಗ್ ಹೂವಿನ ಫೋಟೋ ಹಾಕ್ಬೇಡಿ ಅಂತ ಎಷ್ಟು ಹೇಳಿದ್ರೂ ಹಾಕ್ತಾರೆ.

ತಿಪಟೂರಿನ ಕಡೆಯ ಒಬ್ಬ ಟೈಲ್ಸ್ ಮೇಸ್ತ್ರಿ ನಮ್ಮ ಜೊತೆ ಇದಾರೆ. ಆ ಚೌಕದ ಭಾಗ ಅಮ್ಮ ಓದಿ ಮುಗಿಸಿದ ತಕ್ಷಣ ಅವರು ಮೈಕ್ ಆನ್ ಮಾಡಿದ್ರು. 'ಅಲ್ಲಾ ಅಮ್ಮ, ಆ ಅಡ್ಡಗೆರೆ ಎಳೆದಿದ್ದು ಯಾರು? ಹುಡುಗ ಅಲ್ಲ ತಾನೆ? ನಾವು ರೂಮು ಮೂಲೆಮಟ್ಟಕ್ಕಿದೆಯಾ ಅಂತ ನೋಡೋಕೆ ಮೂಲೆಯಿಂದ ಮೂಲೆಗೆ ಟೇಪ್ ಹಿಡೀತೀವಿ, ಎರಡು ಕಡೆನೂ ಒಂದೇ ಅಳತೆ ಬರಬೇಕು. ಹೊಸ ಹುಡುಗರಿಗೆ ಹಿಂಗೇ ಕಲಿಸೋದು, ಟೇಪ್ ನಾನೇ ಇಟ್ಟು, ಎಷ್ಟು ಬಂತು ನೋಡೋ ಅಂತೀನಿ. ಅವನು ಹೇಳ್ತಾನೆ. ಅಷ್ಟಕ್ಕೇ ಅವನಿಗೆ ಹೋದ ಜನ್ಮದ್ದು ನೆನಪಾಯ್ತು ಅಂದ್ಬಿಡಕ್ಕಾಗುತ್ತಾ?'

ನನ್ನ ಪ್ರಶ್ನೆನೇ ಅದು! ನಾನು ಚಾಟಲ್ಲಿ ಒಂದು ಸಾಲು ಬರೆದು ಸುಮ್ಮನಾಗಿದ್ದು, ಇವರು ಕೈಯಲ್ಲಿ ಟೇಪ್ ಹಿಡಿದ ಹಾಗೆ ಕೇಳಿದ್ರು. ಅಮ್ಮ ಬಿಡಲಿಲ್ಲ, 'ಗೆರೆ ಸಾಕ್ರಟೀಸೇ ಎಳೆದ ಅಂತ ಇಟ್ಕೊಳ್ಳಿ ಮೇಸ್ತ್ರಿಗಳೇ, ಹೌದು ಇದು ಎಂಟೇ ಅಂತ ಒಪ್ಕೊಂಡಿದ್ದು ಹುಡುಗನ ಬುದ್ಧಿ ಅಲ್ವಾ, ಅದನ್ನ ಯಾರು ಕೊಟ್ರು' ಅಂದ್ರು. ಅಷ್ಟರಲ್ಲಿ ಕಾಲ್ ಕಟ್ಟು. ಫ್ರೀ ಅಕೌಂಟು, 40 ನಿಮಿಷ ಮುಗೀತು. ಮತ್ತೆ ಲಿಂಕ್ ಕಳಿಸಿ, ಎಲ್ಲರೂ ಸೇರೋ ಹೊತ್ತಿಗೆ ಇಬ್ಬರು ತಿಂಡಿಗೆ ಎದ್ದು ಹೋಗಿದ್ರು. ಮೇಸ್ತ್ರಿಗಳು ಮಾತ್ರ ಕಾಯ್ತಾ ಇದ್ರು, ಬಂದ ತಕ್ಷಣ 'ಒಪ್ಕೊಳ್ಳೋದು ಬೇರೆ, ಗೊತ್ತಾಗೋದು ಬೇರೆ ಅಮ್ಮ' ಅಂದ್ರು. ಅಮ್ಮ ನಗ್ತಾ ಪುಟ ತಿರುವಿದ್ರು. ಹುಡುಗನಿಗೆ ಈಗ ಬಂದಿರೋದು ಕನಸಿನ ತರದ ಅಭಿಪ್ರಾಯ, ಇನ್ನೂ ಜ್ಞಾನ ಆಗಿಲ್ಲ ಅಂತ ಅಲ್ಲೇ ಸಾಕ್ರಟೀಸೂ ಹೇಳಿದಾನೆ.

ಮೇಸ್ತ್ರಿಗಳ ದಿನದ ಕೂಲಿ 1,100. ಮಾತಾಡೋ ಮೆಂಬರ್‌ಶಿಪ್ ಅಂದ್ರೆ ಅವರಿಗೆ ಏಳು ದಿನದ ದುಡಿಮೆಗಿಂತ ಜಾಸ್ತಿ. ಅವರು ಖಂಡಿತ ಬರ್ತಿರಲಿಲ್ಲ, ಬರದೇ ಇದ್ದಿದ್ರೆ ನಷ್ಟ ನನ್ನದು. ದುಡ್ಡಿನ ಗುಂಪಲ್ಲಿ ಎಲ್ಲರೂ ಹೆಚ್ಚುಕಮ್ಮಿ ನನ್ನ ತರದೋರೇ, ಆಫೀಸು, ಲ್ಯಾಪ್‌ಟಾಪು, ಒಂದೇ ತರದ ಅನುಮಾನಗಳು.

ಹಂಗಂತ ದುಡ್ಡೇ ಬೇಡ ಅಂತ ನಾನು ಹೇಳಲ್ಲ. ಆ 40 ನಿಮಿಷದ ಕಾಟ ತಡೆಯೋಕಾಗದೆ ಕೊನೆಗೆ ಒಂದು ಪೇಯ್ಡ್ ಅಕೌಂಟ್ ತಗೊಂಡ್ವಿ, ತಿಂಗಳ ಕೊನೇಲಿ ಇಷ್ಟ ಇದ್ದೋರು ಅಮ್ಮನಿಗೆ ಯುಪಿಐ ಮಾಡ್ತೀವಿ, ನಾನು 200 ಹಾಕ್ತೀನಿ, ಯಾರು ಹಾಕಿದ್ರು ಯಾರು ಹಾಕ್ಲಿಲ್ಲ ಅಂತ ಅಮ್ಮ ಹೇಳಲ್ಲ. ಬೃಹದಾರಣ್ಯಕ ಉಪನಿಷತ್ತಲ್ಲಿ ಜನಕ ಸಾವಿರ ಹಸು ಕೊಡ್ತೀನಿ ಅಂದಾಗ ಯಾಜ್ಞವಲ್ಕ್ಯ ಹೇಳೋದೂ ಇದೇ, 'ಪೂರ್ತಿ ಕಲಿಸದೆ ತಗೋಬಾರದು ಅಂತ ನಮ್ಮಪ್ಪನ ಅಭಿಪ್ರಾಯ' ಅಂತ. (ಇನ್ನೊಂದು ಕಡೆ ಅದೇ ಯಾಜ್ಞವಲ್ಕ್ಯ ವಾದ ಶುರುವಾಗೋ ಮುಂಚೆನೇ ಹಸುಗಳನ್ನ ಹೊಡ್ಕೊಂಡು ಹೋಗು ಅಂತ ಶಿಷ್ಯನಿಗೆ ಹೇಳಿದ್ದೂ ನಿಜ.) ಡಿವಿಜಿಯವರು 1945ರಲ್ಲಿ ಶುರು ಮಾಡಿದ ಗೋಖಲೆ ಸಂಸ್ಥೆಗೆ, 1970ರಲ್ಲಿ ಸನ್ಮಾನ ಮಾಡಿ ಅವರಿಗೇ ಅಂತ ಕೊಟ್ಟ ದುಡ್ಡನ್ನ ಹಾಗೇ ಕೊಟ್ಬಿಟ್ರು. ಸ್ಟ್ಯಾನ್‌ಫರ್ಡ್‌ನ ತತ್ವಶಾಸ್ತ್ರ ವಿಶ್ವಕೋಶನೂ 1995ರಿಂದ ಎಲ್ಲರಿಗೂ ಫ್ರೀನೇ, ನಾವು ವಾರ ವಾರ ಅದನ್ನೇ ತೆಗೆದು ನೋಡೋದು. ದುಡ್ಡು ಬೇಕು, ಆದ್ರೆ ಅದನ್ನ ಬಾಗಿಲಲ್ಲಿ ಕೂತು ವಸೂಲಿ ಮಾಡಬಾರದು, ಮಾತಾಡೋಕೆ ಅಂತೂ ಖಂಡಿತ ಮಾಡಬಾರದು.

ನಿಮಗೆ ಶಿಸ್ತು ಬೇಕು, ಗ್ರೀಕೋ ಸಂಸ್ಕೃತವೋ ಬುಡದಿಂದ ಕಲೀಬೇಕು, ಕೇಳೋ ಅಭ್ಯಾಸ ಜಾಸ್ತಿ ಅಂದ್ರೆ ದುಡ್ಡು ಕೊಟ್ಟೇ ಸೇರಿ, ಸೇರೋ ಮುಂಚೆ ಮೈಕ್ ಯಾರಿಗೆ ಅಂತ ಕೇಳ್ಕೊಳ್ಳಿ, ಆಟೋ ರಿನ್ಯೂವಲ್ ಆಫ್ ಮಾಡ್ಕೊಳ್ಳಿ. ನನಗೆ ವಾದ ಮಾಡದೆ ಏನೂ ತಲೆಗೆ ಹತ್ತಲ್ಲ, ತಿಂಗಳಿಗೆ 200ರ ಮೇಲೆ ಕೊಡೋ ಸ್ಥಿತಿನೂ ಸದ್ಯಕ್ಕಿಲ್ಲ, ಹಾಗಾಗಿ ನಾನು ಭಾನುವಾರ ಏಳಕ್ಕೆ. ಮುಂದಿನ ವಾರ ಓದೋ ಪಾಳಿ ಮೇಸ್ತ್ರಿಗಳದ್ದು, 'ಕನ್ನಡಕ ರಿಪೇರಿಗೆ ಕೊಟ್ಟಿದೀನಿ, ಅಕ್ಷರ ದಪ್ಪ ಇರೋ ಪಿಡಿಎಫ್ ಹಾಕಿ' ಅಂತ ಈಗಾಗ್ಲೇ ಎರಡು ಸಲ ಫೋನ್ ಮಾಡಿದಾರೆ.