"22 ಮೆಗಾಪಿಕ್ಸೆಲ್" ನೆಗೆಟಿವ್ ಸ್ಕ್ಯಾನರ್ ಕೊಳ್ಳುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಹಳೇ ನೆಗೆಟಿವ್ ಇಟ್ಟುಕೊಂಡಿರುವವರಿಗೆ ಒಂದು ಮಾತು. ಆನ್‌ಲೈನ್‌ನಲ್ಲಿ ಡಬ್ಬದ ಆಕಾರದ ಪುಟ್ಟ ಫಿಲ್ಮ್ ಸ್ಕ್ಯಾನರ್‌ಗಳು ಸಿಗುತ್ತವೆ. ಮುಂದೆ ಸಣ್ಣ ಸ್ಕ್ರೀನ್, ಪಕ್ಕದಲ್ಲಿ ಪಟ್ಟಿ ತೂರಿಸಲು ಸಂದು, ಮೇಲೆ "22 ಮೆಗಾಪಿಕ್ಸೆಲ್" ಅಂತ ದೊಡ್ಡಕ್ಷರ. ದಯವಿಟ್ಟು ಕೊಳ್ಳಬೇಡಿ.

ನಾನು ತರಿಸಿದ್ದು ಅಪ್ಪ-ಅಮ್ಮನ ಮದುವೆ ನೆಗೆಟಿವ್‌ಗಳಿಗಾಗಿ. 1986ರ ಕಲರ್ ಫಿಲ್ಮ್. ಧಾರೆಯ ಫೋಟೋ ಮೊದಲು ಹಾಕಿದೆ. ಬಂದ ಚಿತ್ರದಲ್ಲಿ ಅಪ್ಪನ ಬಿಳಿ ಪಂಚೆಗೆ ನೆರಿಗೆಯೇ ಇಲ್ಲ. ಅಮ್ಮನ ಸೀರೆಯ ಜರಿ ಅಂಚು ಹಳದಿ ಮುದ್ದೆ. ಮುಖಗಳಿಗೆಲ್ಲ ನೀಲಿ ಛಾಯೆ. ನಾಲ್ಕೂ ಬದಿ ಕತ್ತರಿಸಿಹೋಗಿ, ತುದಿಯಲ್ಲಿ ನಿಂತಿದ್ದ ಅಜ್ಜಿಯ ಅರ್ಧ ಮುಖವೇ ಮಾಯ.

ಮನೆಯಲ್ಲಿ ಎಲ್ಲರೂ "ಹಳೇ ಫಿಲ್ಮ್ ಅಲ್ವಾ, ಹಾಳಾಗಿರುತ್ತೆ ಬಿಡು" ಅಂದರು. ನನಗೆ ಭಯ ಆಗುವುದು ಈ ಮಾತಿಗೇ. ಹೀಗೆ ಅಂದುಕೊಂಡು ಎಷ್ಟು ಮನೆಗಳ ನೆಗೆಟಿವ್ ಕಸಕ್ಕೆ ಹೋಗಿವೆಯೋ! ಫೋನಿನ ಸ್ಕ್ರೀನನ್ನು ಪೂರ್ತಿ ಬಿಳಿ ಮಾಡಿ, ಮೇಲೊಂದು ಟ್ರೇಸಿಂಗ್ ಪೇಪರ್ ಹಾಕಿ, ಅದೇ ನೆಗೆಟಿವನ್ನು ಭೂತಗನ್ನಡಿಯಲ್ಲಿ ನೋಡಿದೆ. ನೆರಿಗೆ ಒಂದೊಂದೂ ಇದೆ. ಜರಿಯ ಬುಟ್ಟಾ ಎಣಿಸಬಹುದು. ಅಜ್ಜಿ ಪೂರ್ತಿ ಇದ್ದಾರೆ. ಫಿಲ್ಮ್ ಚೆನ್ನಾಗಿಯೇ ಇತ್ತು.

ಈ ಡಬ್ಬದೊಳಗೆ ಇರುವುದು ಅಗ್ಗದ ಲೆನ್ಸು, ಪುಟ್ಟ ಸೆನ್ಸರ್ ಅಷ್ಟೆ. ಒಂದು ಫೋಟೋ ಹೊಡೆದು ಕುಗ್ಗಿಸಿದ ಜೆಪಿಇಜಿ ಫೈಲ್ ಮಾಡಿಬಿಡುತ್ತದೆ. ನನ್ನದರ ಸೆನ್ಸರ್ 14 ಮೆಗಾಪಿಕ್ಸೆಲ್. ಅದು ಮ್ಯಾನ್ಯುಯಲ್‌ನಲ್ಲಿ ಸಣ್ಣಕ್ಷರದಲ್ಲಿದೆ. ಮಿಕ್ಕಿದ್ದು ಸಾಫ್ಟ್‌ವೇರ್ ಊಹಿಸಿ ತುಂಬಿದ ಚುಕ್ಕೆಗಳು. ಕಲರ್ ನೆಗೆಟಿವ್‌ಗೆ ಕಿತ್ತಳೆ ಬಣ್ಣದ ತಳ ಇರುತ್ತದಲ್ಲ, ಅದನ್ನು ತನಗೆ ತೋಚಿದ ಹಾಗೆ ಕಳೆಯುತ್ತದೆ. ಆಮೇಲೆ ನಾವು ಸರಿಮಾಡೋಣ ಅಂದರೆ ಆ ಜೆಪಿಇಜಿಯಲ್ಲಿ ಏನೂ ಉಳಿದಿರುವುದಿಲ್ಲ.

ಜಾಸ್ತಿ ಹೊಟ್ಟೆ ಉರಿದದ್ದು ಪಟ್ಟಿ ಕೂರಿಸುವ ಟ್ರೇ ನೋಡಿ. ಪ್ಲಾಸ್ಟಿಕ್ ಅಂಚು ಒರಟಾಗಿತ್ತು. ಒಂದು ಪಟ್ಟಿಯ ಉದ್ದಕ್ಕೂ ಗೀರು ಬಿತ್ತು, ಅದೂ ಎಮಲ್ಷನ್ ಕಡೆ, ಅಂದರೆ ಚಿತ್ರ ಮೂಡಿರುವ ಪದರದ ಮೇಲೆ. ಅದು ಹೋಗುವುದಿಲ್ಲ. ಮಾರಿದವರು "ಬಾಕ್ಸ್ ಓಪನ್ ಆಗಿದೆ, ವಾಪಸ್ ತಗೊಳಲ್ಲ" ಅಂದರು.

ಕೊನೆಗೆ ಕೆಲಸಕ್ಕೆ ಬಂದದ್ದು ಗೆಳೆಯನ 24 ಮೆಗಾಪಿಕ್ಸೆಲ್ ಡಿಜಿಟಲ್ ಕ್ಯಾಮೆರಾ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್, ಕೆಳಗೆ ಒಳ್ಳೆಯ ಎಲ್‌ಇಡಿ ಪ್ಯಾನೆಲ್, ನೆಗೆಟಿವ್ ಮಟ್ಟಸವಾಗಿ ಕೂರುವ ಹೋಲ್ಡರ್, ಲೆನ್ಸಿನ ಅಪರ್ಚರ್ (ಬೆಳಕಿನ ಕಿಂಡಿ) ಎಫ್ 8, ಸೆಲ್ಫ್ ಟೈಮರ್, ರಾ ಫೈಲ್ (ಸೆನ್ಸರ್ ಕಂಡದ್ದನ್ನು ತಿದ್ದದೆ ಇಡುವ ಫೈಲ್). 36 ಮಿಲಿಮೀಟರ್ ಅಗಲಕ್ಕೆ 6000 ಚುಕ್ಕೆ, ಅಂದರೆ ಇಂಚಿಗೆ ಸುಮಾರು 4200 ಚುಕ್ಕೆ (ಡಿಪಿಐ). ಜರಿ, ನೆರಿಗೆ ಎಲ್ಲ ಬಂತು. ಫಿಲ್ಮ್ ಮೇಲೋ ಡಿಜಿಟಲ್ ಮೇಲೋ ಅಂತ ಸುಮ್ನೆ ಜಗಳ ಆಡುತ್ತೇವೆ. ಹಳೇ ಫಿಲ್ಮಿಗೆ ಈಗ ಡಿಜಿಟಲ್ ಕ್ಯಾಮೆರಾನೇ ಆಸರೆ.

ಫ್ಲಾಟ್‌ಬೆಡ್ ಸ್ಕ್ಯಾನರ್ ಇರುವವರು ಕಪ್ಪು-ಬಿಳುಪು ಫಿಲ್ಮಿಗೆ ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಗುರುತಿಸಿ ಅಳಿಸುವ ಆಯ್ಕೆ ಆಫ್ ಮಾಡಿ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ 'ಇಂದು' ಥರದ ಫಿಲ್ಮ್‌ಗಳಲ್ಲಿ ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ. ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತದೆ. ಸಾಫ್ಟ್‌ವೇರ್ ಅದನ್ನೇ ಧೂಳು ಅಂದುಕೊಂಡು ಕಣ್ಣು-ಮೂಗು ಒರೆಸಿಬಿಡುತ್ತದೆ.

ಈಗಾಗಲೇ ಡಬ್ಬದಲ್ಲಿ ಸ್ಕ್ಯಾನ್ ಮಾಡಿ ಮುಗಿಸಿದವರು ನೆಗೆಟಿವ್ ಎಸೆಯಬೇಡಿ. ಪೇಪರ್ ಸ್ಲೀವ್‌ಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ತಂಪಾದ, ತೇವ ತಾಗದ ಕಡೆ ಇಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ. ಯಾವುದಾದರೂ ಪಟ್ಟಿ ವಿನೆಗರ್ ವಾಸನೆ ಹೊಡೆಯುತ್ತಿದ್ದರೆ ಅದರ ಪ್ಲಾಸ್ಟಿಕ್ ತಳವೇ ಕೊಳೆಯುತ್ತಿದೆ ಅಂತ ಅರ್ಥ. ಅದನ್ನು ಉಳಿದವುಗಳಿಂದ ಬೇರೆ ಮಾಡಿ, ಮೊದಲು ಅದನ್ನೇ ಕ್ಯಾಮೆರಾದಲ್ಲಿ ತೆಗೆಸಿ.