ಸಾಗರ ಸಂತೆಯ ಬೀಜದಕ್ಕನ ಅಂಗಡಿ

ಮಳೆಗಾಲದ ತರಕಾರಿಗೆ ಬೀಜ ಬೇಕು ಅನ್ನುವವರು ಮೇ ತಿಂಗಳಲ್ಲೇ ಸಾಗರದ ಸಂತೆಗೆ ಹೋಗಿ. ಸೊಪ್ಪು ಮಾರುವವರ ಸಾಲಿನ ಕೊನೆಗೆ ಗೋಣಿಚೀಲ ಹಾಸಿಕೊಂಡು ಒಬ್ಬ ಅಕ್ಕ ಕೂತಿರುತ್ತಾರೆ. ಬೋರ್ಡಿಲ್ಲ. ಹಳೇ ಪೇಪರಿನ ಪೊಟ್ಟಣಗಳ ಮೇಲೆ ಪೆನ್ನಿನಲ್ಲಿ ಹೆಸರು ಬರೆದಿರುತ್ತೆ: ಹಾಲು ಬೆಂಡೆ, ಅಲಸಂದೆ, ಪಡವಲ, ಹೀರೆ. ಒಂದಕ್ಕೆ 20 ರೂಪಾಯಿ.

ಸೌತೆ ಬೀಜ ಮಾತ್ರ ಪೊಟ್ಟಣದಲ್ಲಿಲ್ಲ. ಬೂದಿ ಬೆರೆಸಿದ ಸಗಣಿಯಲ್ಲಿ ಬೀಜ ಒತ್ತಿ, ಗೋಡೆಗೆ ತಟ್ಟಿ ಒಣಗಿಸಿದ ಬಿಲ್ಲೆಯನ್ನೇ ಮುರಿದು ಕೊಡುತ್ತಾರೆ. ಮನೆಗೆ ತಂದು ನೀರಲ್ಲಿ ನೆನೆಸಿ ಬಿಡಿಸಿದೆ. ಒಂದು ಬೀಜಕ್ಕೂ ಹುಳ ಹಿಡಿದಿರಲಿಲ್ಲ. ಬೆಂಡೆಯೂ ಚೆನ್ನಾಗಿ ಹುಟ್ಟಿತು. ಪಡವಲ ಮಾತ್ರ ಅರ್ಧಕ್ಕರ್ಧ ಹೋಯಿತು. ಹೇಳಿದಾಗ ಅಕ್ಕ ವಾದ ಮಾಡಲಿಲ್ಲ. "ಹಳೇ ಬೀಜ ಸೇರಿರ್ಬೇಕು ತಂಗಿ" ಅಂತ ಬೇರೆ ಪೊಟ್ಟಣ ಕೊಟ್ಟರು. ಬೀಜ ತೆಗೆದ ವರ್ಷವನ್ನೂ ಬರೆದರೆ ಒಳ್ಳೆಯದು, ಇದೊಂದು ಕೊರತೆ.

ಕಂಪನಿ ಹೆಸರಿಲ್ಲದ ಬೀಜ ಮಾರಬಹುದಾ ಅಂತ ಪಕ್ಕದಲ್ಲಿದ್ದವರೊಬ್ಬರು ಕೇಳಿದರು. ಧಾರಾಳವಾಗಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ನೋಡಿ. ರೈತರು ತಾವು ಬೆಳೆದ ಬೀಜವನ್ನು ಎತ್ತಿಡಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಕಾಯ್ದೆಯಡಿ ರಕ್ಷಣೆ ಪಡೆದ ತಳಿಯನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. 2019ರಲ್ಲಿ ಪೆಪ್ಸಿಕೋ ಕಂಪನಿ ತನ್ನ ತಳಿ ಬೆಳೆದರು ಅಂತ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಕೇಸು ಹಾಕಿ ಆಮೇಲೆ ವಾಪಸ್ ತಗೊಂಡಿತಲ್ಲ, ಆಗ ರೈತರ ಪರ ನಿಂತವರು ಎತ್ತಿ ತೋರಿಸಿದ್ದೂ ಇದೇ ಕಲಮನ್ನು. ಈ ಹಕ್ಕು ಕಾಗದದಲ್ಲಿ ಇದ್ದರೆ ಸಾಲದು, ಸಂತೆಯಲ್ಲಿ ಬಳಕೆಯಾಗಬೇಕು. ಅಕ್ಕ ಅದನ್ನೇ ಮಾಡುತ್ತಿದ್ದಾರೆ.

ಹೈಬ್ರಿಡ್ ಕಾಯಿಯ ಬೀಜ ಎತ್ತಿಟ್ಟರೆ ಮುಂದಿನ ವರ್ಷ ಅದೇ ಗುಣ ಬರಲ್ಲ, ಮತ್ತೆ ದುಡ್ಡು ಕೊಟ್ಟು ತರಬೇಕು. ಇಲ್ಲಿ ಪೊಟ್ಟಣ ಕೈಗಿಡುವಾಗಲೇ "ಚೆನ್ನಾಗಿರೋ ಗಿಡದಲ್ಲಿ ಎರಡು ಕಾಯಿ ಬೀಜಕ್ಕೆ ಬಿಡಿ" ಅನ್ನುತ್ತಾರೆ. ಹೀಗೆ ಹೇಳಿಕೊಡುವ ವ್ಯಾಪಾರಿ ನನಗಂತೂ ಬೇರೆಲ್ಲೂ ಸಿಕ್ಕಿಲ್ಲ.

ಭತ್ತದ ಬೀಜಕ್ಕೆ ಮೊದಲೇ ಹೇಳಿಡಬೇಕು. ವರದಾ ಹೊಳೆ ಉಕ್ಕಿ ನೀರು ನಿಲ್ಲುವ ಗದ್ದೆಯವರು ನೆರೆಗುಳಿ ಕೇಳಿ. ನೆರೆ ತಡೆಯುವ ನಾಟಿ ತಳಿ ಅದು, ಅಂಥ ಗದ್ದೆಯವರಿಗೆ ವರ್ಷದ ಅನ್ನ ಅದರಲ್ಲೇ ಇದೆ. ಬೆಳಗ್ಗೆ ಬೇಗ ಹೋಗಿ, ಚಿಲ್ಲರೆ ಇಟ್ಟುಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಹಾಲು ಬೆಂಡೆ ಖಾಲಿಯಾಗಿರುತ್ತೆ.