ಅಮೆರಿಕದ ಟ್ರಕ್ಕುಗಳ ಇಎಲ್‌ಡಿ: ದಿನಾ ಬಳಸುವವರ ಕಡೆಯಿಂದ ಒಂದು ರಿವ್ಯೂ

ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಕಡೆ ಒಂದು ಚಿಕ್ಕ ಟ್ರಕ್ ಕಂಪನಿಯಲ್ಲಿ ಲೋಡ್ ಹೊಂದಿಸುವುದು, ಡ್ರೈವರ್‌ಗಳ ಲಾಗ್ (ಓಡಿಸಿದ ಗಂಟೆಗಳ ದಾಖಲೆ) ನೋಡಿಕೊಳ್ಳುವುದು ನನ್ನ ಕೆಲಸ. ಊರಲ್ಲಿ ಇಎಲ್‌ಡಿ ಬಗ್ಗೆ ಹೇಳಿದರೆ "ಜಿಪಿಎಸ್ ತಾನೇ, ನಮ್ಮ ಲಾರಿಗಳಿಗೂ ಹಾಕಿಸಿದ್ದಾರೆ ಬಿಡಿ" ಅನ್ನುತ್ತಾರೆ. ಜಿಪಿಎಸ್ ಬೇರೆ, ಇದು ಬೇರೆ. ಜಿಪಿಎಸ್ ಇರೋದು ಗಾಡಿ ಎಲ್ಲಿದೆ ಅಂತ ಮಾಲೀಕ ನೋಡೋಕೆ. ಇಎಲ್‌ಡಿ ಅಂದರೆ ಎಲೆಕ್ಟ್ರಾನಿಕ್ ಲಾಗಿಂಗ್ ಡಿವೈಸ್, ಅದು ಡ್ರೈವರ್ ಎಷ್ಟು ಹೊತ್ತು ಓಡಿಸಿದರು, ಇನ್ನೆಷ್ಟು ಓಡಿಸಬಹುದು ಅನ್ನೋ ಲೆಕ್ಕ ಇಡುತ್ತದೆ. ಇಂಜಿನ್ನಿನ ಪೋರ್ಟಿಗೆ ಸಿಕ್ಕಿಸುವ ಒಂದು ಡಬ್ಬಿ, ಜೊತೆಗೆ ಒಂದು ಟ್ಯಾಬ್ಲೆಟ್ಟೋ ಫೋನೋ, ಅಷ್ಟೇ. ಗಾಡಿ ಗಂಟೆಗೆ 5 ಮೈಲಿ ವೇಗ ಮುಟ್ಟಿದ ಕೂಡಲೇ "ಡ್ರೈವಿಂಗ್" ಅಂತ ತಾನೇ ಬರೆದುಕೊಳ್ಳುತ್ತದೆ.

2017ರ ಡಿಸೆಂಬರ್ 18ರಿಂದ ಇಲ್ಲಿ ಇದು ಕಡ್ಡಾಯ. ಕೆಲವರಿಗೆ ವಿನಾಯಿತಿ ಇದೆ, ಉದಾಹರಣೆಗೆ 2000ಕ್ಕಿಂತ ಹಿಂದಿನ ಮಾಡೆಲ್‌ನ ಇಂಜಿನ್ ಇರುವ ಗಾಡಿಗಳು (ಹಳೇ ಗಾಡಿಯನ್ನು ಬಿಡದೆ ಓಡಿಸುವವರು ಇರೋದಕ್ಕೆ ಇದೂ ಒಂದು ಕಾರಣ). ಹಾಗಾಗಿ ಹಾಕಿಸಬೇಕಾ ಬೇಡವಾ ಅನ್ನೋ ಚರ್ಚೆ ನಮ್ಮಂಥವರಿಗೆ ಮುಗಿದಿದೆ. ಆದರೆ ಕಾನೂನು ಇಲ್ಲದಿದ್ದರೂ ನಾನು ಇದನ್ನು ತೆಗೆಸುವುದಿಲ್ಲ.

ಯಾಕೆ ಅಂದರೆ, ನಿಯಮ ಹೀಗಿದೆ. ಸತತ 10 ಗಂಟೆ ವಿಶ್ರಾಂತಿ ಆದ ಮೇಲೆ ಡ್ರೈವರ್‌ಗೆ 14 ಗಂಟೆಯ ಅವಧಿ ಶುರುವಾಗುತ್ತದೆ. ಅದರೊಳಗೆ ಓಡಿಸೋಕೆ 11 ಗಂಟೆ ಮಾತ್ರ. ಒಟ್ಟು 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ತೆಗೆದುಕೊಳ್ಳಲೇಬೇಕು. ಪೇಪರ್ ಲಾಗ್ ಕಾಲದಲ್ಲೂ ನಿಯಮ ಇತ್ತು, ಆದರೆ ಪೆನ್ನು ಡ್ರೈವರ್ ಕೈಯಲ್ಲಿ, ಒತ್ತಡ ಆಫೀಸಿನ ಕೈಯಲ್ಲಿ. "ಇನ್ನೊಂದು ಗಂಟೆ ಎಳಿ, ಲಾಗ್ ಆಮೇಲೆ ಸರಿ ಮಾಡ್ಕೊಳ್ಳೋಣ" ಅನ್ನುವುದು ಸುಲಭವಾಗಿತ್ತು. ಈಗ ಯಂತ್ರ ತಾನಾಗಿ ಬರೆದ ಡ್ರೈವಿಂಗ್ ಸಮಯವನ್ನು ನಾನೂ ಕಮ್ಮಿ ಮಾಡೋಕೆ ಆಗಲ್ಲ, ಡ್ರೈವರೂ ಮಾಡೋಕೆ ಆಗಲ್ಲ. ಬೇರೆ ಏನಾದರೂ ತಿದ್ದಬೇಕೆಂದರೆ ಕಾರಣ ಬರೆಯಬೇಕು, ನಾನು ತಿದ್ದಲು ಕಳಿಸಿದ್ದನ್ನು ಡ್ರೈವರ್ ಒಪ್ಪಬೇಕು. ಗಂಟೆ ಮುಗಿದಿದೆ ಅಂತ ಡ್ರೈವರ್ ಹೇಳಿದರೆ ಲೋಡ್ ಕೊಡಿಸುವ ಬ್ರೋಕರ್ ಜೊತೆ ಮಾತಾಡಬೇಕಾದವನು ನಾನು, ಡ್ರೈವರ್ ಅಲ್ಲ. ನಮ್ಮ ದೇಶದಲ್ಲೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ ಅಂತ ಇತ್ತು. ಹೆದ್ದಾರಿಯ ಢಾಬಾದಲ್ಲಿ ಯಾವ ಲಾರಿ ಡ್ರೈವರ್‌ನನ್ನಾದರೂ ಕೇಳಿ ನೋಡಿ, ನಕ್ಕು ಬಿಡುತ್ತಾರೆ.

ಎರಡನೇ ಲಾಭ ದುಡ್ಡಿನದು. ಗೋದಾಮುಗಳಲ್ಲಿ ಲೋಡ್ ಇಳಿಸದೆ ಕಾಯಿಸುವುದು ಇಲ್ಲಿನ ದೊಡ್ಡ ರೋಗ. ಸಾಮಾನ್ಯವಾಗಿ ಮೊದಲ ಎರಡು ಗಂಟೆ ಕಾದರೆ ಪುಕ್ಕಟೆ, ಆಮೇಲೆ ಕಾಯಿಸಿದ್ದಕ್ಕೆ ನಮಗೆ ಡಿಟೆನ್ಷನ್ ಹಣ ಕೊಡಬೇಕು. ಮೊದಲು "ನಿಮ್ಮ ಗಾಡಿ ಲೇಟಾಗಿ ಬಂತು" ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದರು. ಈಗ ಗಾಡಿ ಯಾವಾಗ ಬಂತು, ಯಾವಾಗ ಹೊರಟಿತು ಅನ್ನುವ ದಾಖಲೆಯನ್ನೇ ಬಿಲ್ ಜೊತೆ ಕಳಿಸುತ್ತೇನೆ. ವಾದ ಪೂರ್ತಿ ನಿಂತಿಲ್ಲ, ಆದರೆ ಗೆಲ್ಲೋದು ಜಾಸ್ತಿಯಾಗಿದೆ. ಮೂರು ತಿಂಗಳಿಗೊಮ್ಮೆ ಕಟ್ಟುವ ಇಂಧನ ತೆರಿಗೆಗೆ ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿತು ಅನ್ನೋ ಲೆಕ್ಕವೂ ಬೇಕಲ್ವಾ, ಹೆಚ್ಚಿನ ಇಎಲ್‌ಡಿ ಕಂಪನಿಗಳು ಅದನ್ನೂ ಕೊಡುತ್ತವೆ. ರಸ್ತೆಯಲ್ಲಿ ತಪಾಸಣೆಗೆ ನಿಲ್ಲಿಸಿದರೆ ಡ್ರೈವರ್ ಲಾಗ್ ಫೈಲನ್ನು ಅಲ್ಲೇ ಆನ್‌ಲೈನ್‌ನಲ್ಲಿ ಅಧಿಕಾರಿಗೆ ಕಳಿಸುತ್ತಾರೆ. ಹಿಂದಿನ ಪುಟ ಹುಡುಕುವ ರಗಳೆ ಇಲ್ಲ.

ಇನ್ನು ಬೇಜಾರಿನ ವಿಷಯ. ಆ 14 ಗಂಟೆ ಒಮ್ಮೆ ಶುರುವಾದರೆ ಊಟಕ್ಕೆ ನಿಂತರೂ ಓಡುತ್ತಲೇ ಇರುತ್ತದೆ. ಗಡಿಯಾರ ಕಣ್ಣೆದುರೇ ಇದ್ದರೆ ಯಾರಿಗಾದರೂ ಕಾಲು ಆಕ್ಸಿಲರೇಟರ್ ಮೇಲೆ ಒತ್ತುತ್ತದೆ. 2019ರಲ್ಲಿ ಬಂದ ಒಂದು ಅಧ್ಯಯನವೂ ಇದನ್ನೇ ಹೇಳಿತು: ಗಂಟೆಯ ನಿಯಮ ಮುರಿಯೋದು ಕಮ್ಮಿಯಾಗಿದೆ, ಅಪಘಾತ ಕಮ್ಮಿಯಾಗಿಲ್ಲ, ಸಣ್ಣ ಕಂಪನಿಗಳಲ್ಲಿ ಅತಿವೇಗದಂಥ ತಪ್ಪುಗಳು ಜಾಸ್ತಿಯಾಗಿವೆ. ಸುರಕ್ಷತೆ ಅಂತ ಜಾಹೀರಾತಿನಲ್ಲಿ ಹೇಳುವುದನ್ನು ಹಾಗಾಗಿ ಪೂರ್ತಿ ನಂಬಬೇಡಿ. ಚಳಿಗಾಲದಲ್ಲಿ ಡಾನರ್ ಪಾಸ್ (ಕ್ಯಾಲಿಫೋರ್ನಿಯಾದ ಒಂದು ಘಾಟಿ) ಮೇಲೆ ಹೊರಟಾಗ ಗೊತ್ತಿಲ್ಲದ ಹಿಮ ಸಿಕ್ಕಿಬಿಟ್ಟರೆ 2 ಗಂಟೆ ಹೆಚ್ಚುವರಿ ಸಿಗುತ್ತದೆ, ಅದನ್ನು ಲಾಗ್‌ನಲ್ಲಿ ಗುರುತಿಸುವುದು ಹೇಗೆ ಅಂತ ಡ್ರೈವರ್‌ಗಳಿಗೆ ಮೊದಲೇ ಹೇಳಿಕೊಡಿ.

ಡ್ರೈವರ್‌ಗಳ ಇನ್ನೊಂದು ದೂರು, ಸದಾ ಯಾರೋ ನೋಡುತ್ತಿದ್ದಾರೆ ಅನ್ನೋದು. ಒಂದು ಸಮಾಧಾನ ಇದೆ: ಸ್ವಂತ ಕೆಲಸಕ್ಕೆ ಗಾಡಿ ಓಡಿಸುವಾಗ ಸ್ವಂತ ಬಳಕೆಯ ಮೋಡ್ ಹಾಕಿದರೆ ಲಾಗ್‌ನಲ್ಲಿ ಜಾಗ ಸುಮಾರು 10 ಮೈಲಿ ತ್ರಿಜ್ಯದ ಅಂದಾಜಿನಲ್ಲಿ ಮಾತ್ರ ದಾಖಲಾಗುತ್ತದೆ.

ಯಾವುದನ್ನು ಕೊಳ್ಳಬೇಕು? ಮೋಟಿವ್, ಸಂಸಾರಾ, ಜಿಯೋಟ್ಯಾಬ್ ಅಂತ ದೊಡ್ಡ ಹೆಸರುಗಳಿವೆ, ಅಗ್ಗದವೂ ಲೆಕ್ಕವಿಲ್ಲದಷ್ಟಿವೆ. ಅಮೆರಿಕದಲ್ಲಿ ತಯಾರಕರೇ "ನಮ್ಮದು ನಿಯಮಕ್ಕೆ ಸರಿಯಿದೆ" ಅಂತ ಘೋಷಿಸಿಕೊಳ್ಳುತ್ತಾರೆ, ಕೆನಡಾದಲ್ಲಿ ಮೂರನೆಯವರ ಪರೀಕ್ಷೆ ಪಾಸಾಗಬೇಕು. ನಮ್ಮಲ್ಲಿ ಮೊದಲಿದ್ದ ಅಗ್ಗದ ಒಂದು, ಹೆಸರು ಬೇಡ, ಬ್ಲೂಟೂತ್ ಪದೇ ಪದೇ ಕಡಿದುಕೊಳ್ಳುತ್ತಿತ್ತು, ಯಾರು ಓಡಿಸಿದರೋ ಗೊತ್ತಿಲ್ಲದ ಮೈಲಿಗಳು ರಾಶಿ ಬೀಳುತ್ತಿದ್ದವು, ಅದನ್ನೆಲ್ಲ ಒಂದೊಂದಾಗಿ ಸರಿಯಾದ ಡ್ರೈವರ್ ಹೆಸರಿಗೆ ಹಾಕುವಷ್ಟರಲ್ಲಿ ನನ್ನ ಅರ್ಧ ದಿನ ಹೋಗುತ್ತಿತ್ತು. ರಾತ್ರಿ ಫೋನ್ ಮಾಡಿದರೆ ಎತ್ತುವವರೇ ಇಲ್ಲ.

ಕೊಳ್ಳುವ ಮುಂಚೆ ರಾತ್ರಿ ಹನ್ನೆರಡಕ್ಕೆ ಅವರ ಸಹಾಯವಾಣಿಗೆ ಸುಮ್ನೆ ಒಂದು ಫೋನ್ ಹಾಕಿ ನೋಡಿ. ಮೂರು ವರ್ಷದ ಕರಾರಿಗೆ ಸಹಿ ಹಾಕಬೇಡಿ. ಫೆಡರಲ್ ಸಾರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ರದ್ದಾದ ಸಾಧನಗಳ ಪಟ್ಟಿ ಇದೆ, ಆಗಾಗ ಕಣ್ಣಾಡಿಸಿ. ನಿಮ್ಮದು ಅದರಲ್ಲಿ ಬಂದರೆ ಸಾಮಾನ್ಯವಾಗಿ 60 ದಿನದೊಳಗೆ ಬದಲಿಸಬೇಕು. ಎಷ್ಟೇ ಒಳ್ಳೆಯದು ಹಾಕಿಸಿದರೂ ಕ್ಯಾಬಿನ್ನಿನಲ್ಲಿ 8 ದಿನಕ್ಕಾಗುವಷ್ಟು ಖಾಲಿ ಪೇಪರ್ ಲಾಗ್ ಹಾಳೆ ಇರಲೇಬೇಕು, ಇಲ್ಲದಿದ್ದರೆ ತಪಾಸಣೆಯಲ್ಲಿ ಅದನ್ನೂ ತಪ್ಪು ಅಂತ ಬರೆಯುತ್ತಾರೆ.